ಡಾಕ್ಟರಮ್ಮನಿಗೆ ಗೊತ್ತು, ಅಳತೆಗಾರನಿಗೆ ಗೊತ್ತಿಲ್ಲ

ಗುಹೆಯ ತಳದ ಕೊಳದಲ್ಲಿ ವರ್ಷದ ಹಿಂದೆ ಇಟ್ಟು ಬಂದಿದ್ದ ನೀರಳತೆಯ ಪೆಟ್ಟಿಗೆಯನ್ನು ಮಳೆಗೆ ಮೊದಲು ಮೇಲೆ ತರಬೇಕಿತ್ತು. ಬೆಟ್ಟದ ಕೆಳಗಿನ ಪಟ್ಟಣಕ್ಕೆ ಕುಡಿಯುವ ನೀರು ಆ ಕೊಳದಿಂದಲೇ. ಹೊರಟವರು ನಾಲ್ವರು: ಅಳತೆಗಾರ, ಹದಿನೆಂಟು ವರ್ಷದಿಂದ ಅವನ ಜೊತೆಗಾರನಾದ ಹಗ್ಗದವನು, ಹೊಸದಾಗಿ ಸೇರಿದ ಡಾಕ್ಟರಮ್ಮ, ನಕ್ಷೆ ಬರೆಯುವ ಹುಡುಗಿ. ಹುಡುಗಿಯ ಕಿವಿ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದುದರಿಂದ ಎಲ್ಲರಿಗೂ ಅವಳು ಪೆನ್ಸಿಲ್ಲೇ.

ಎರಡು ದಿನದ ಕಾಡುದಾರಿ. ಮೊದಲು ಎದೆಮಟ್ಟದ ಹುಲ್ಲು, ಆಮೇಲೆ ಪಾಚಿ ಹಿಡಿದ ಬಂಡೆಗಳ ನಡುವೆ ತೆವಳುವ ಏರು. ದಾರಿಯುದ್ದಕ್ಕೂ ಹೆಂಗಸರಿಬ್ಬರ ಬಾಯಿ ಸುಮ್ಮನಿರಲಿಲ್ಲ. ಪೆನ್ಸಿಲ್ ಕಾಲಲ್ಲಿ ಬೊಬ್ಬೆ ಎದ್ದರೆ ಹತ್ತು ಹೆಜ್ಜೆಯೊಳಗೆ ಡಾಕ್ಟರಮ್ಮನಿಗೆ ಗೊತ್ತು. ಡಾಕ್ಟರಮ್ಮನ ಅತ್ತೆ ಯಾವತ್ತು ಏನಂದರು ಅನ್ನುವುದು ಪೆನ್ಸಿಲ್ಲಿಗೆ ಬಾಯಿಪಾಠ. ಗಂಡಸರದು ಬೇರೆ ಪದ್ಧತಿ. ಒಂದೇ ಡೇರೆಯಲ್ಲಿ ಮಲಗಿದ್ದಾರೆ, ಒಂದೇ ತಟ್ಟೆಯಲ್ಲಿ ಉಂಡಿದ್ದಾರೆ, "ಹೇಗಿದ್ದೀಯ" ಅಂತ ಒಮ್ಮೆಯೂ ಕೇಳಿಕೊಂಡಿಲ್ಲ. ಸ್ನೇಹ ಅಂದರೆ ಇದು ಅಂತ ಅಳತೆಗಾರ ಒಳಗೊಳಗೇ ಬೀಗುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ಆ ಜಂಬ ಇಳಿಯಿತು. ತೊರೆಗೆ ನೀರು ತರಲು ಹೋದವನು ನೋಡುತ್ತಾನೆ: ಹಗ್ಗದವನು ಡಾಕ್ಟರಮ್ಮನ ಎದುರು ಕೂತು ಮಾತಾಡುತ್ತಿದ್ದಾನೆ, ಅದೂ ಕಣ್ಣೊರೆಸಿಕೊಳ್ಳುತ್ತಾ. ಪೆನ್ಸಿಲ್ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದಾಳೆ. ಇವನನ್ನು ಕಂಡದ್ದೇ ತಡ, ಮಾತು ನಿಂತಿತು.

"ಏನೋ ಅದು?"

"ಏನಿಲ್ಲ. ನಡಿ, ಹೊತ್ತಾಯ್ತು."

ಅಳತೆಗಾರನ ಹೊಟ್ಟೆಗೆ ಬೆಂಕಿ ಬಿತ್ತು. ಡಾಕ್ಟರಮ್ಮನಿಗೆ ಅರವತ್ತರ ಹತ್ತಿರ, ಆ ಬಗೆಯ ಅನುಮಾನವಲ್ಲ. ಆದರೆ ಹದಿನೆಂಟು ವರ್ಷ ತನಗೆ ತೋರಿಸದ ಕಣ್ಣೀರನ್ನು ನಿನ್ನೆ ಮೊನ್ನೆ ಬಂದವರ ಮುಂದೆ ಸುರಿಸಿಬಿಟ್ಟನಲ್ಲ. ನಾನೇನು ಡೇರೆಯ ಗೂಟವಾ? ಏರು ಮುಗಿಯುವವರೆಗೂ ಅವನು ಯಾರ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನ ಗುಹೆಯೊಳಗಿನ ಬಾವಿಯಂಥ ಕಂದಕದ ಅಂಚಿಗೆ ಬಂದರು. ಐವತ್ತಡಿ ಆಳ. ಅಳತೆಗಾರನ ಜೊತೆ ಹಗುರ ಮೈಯ ಪೆನ್ಸಿಲ್ ಇಳಿಯುವುದೆಂದು ಮೊದಲೇ ಮಾತಾಗಿತ್ತು.

"ಅವಳು ಬೇಡ. ನಾನೂ ಇವನೂ ಇಳೀತೀವಿ," ಅಂದ ಅಳತೆಗಾರ.

"ನಾನಾದ್ರೆ ಇವರನ್ನ ಇಳಿಸಲ್ಲ," ಅಂದರು ಡಾಕ್ಟರಮ್ಮ.

"ಯಾಕೆ?"

"ಅದನ್ನ ಅವರೇ ಹೇಳಬೇಕು."

ಹಗ್ಗದವನು ಸೊಂಟದ ಗಂಟು ಬಿಗಿದುಕೊಂಡ. "ಏನಿಲ್ಲ ಬಿಡಿ, ಇಳಿಯೋಣ."

ಇಳಿದದ್ದು ಸಲೀಸು. ಸೊಂಟಮಟ್ಟ ತಣ್ಣೀರಲ್ಲಿ ತಡಕಿ ಪೆಟ್ಟಿಗೆ ಹುಡುಕಿದರು. ಹಗ್ಗದವನು ಎಂದಿನಂತೆ ಅದನ್ನು ಬೆನ್ನಿಗೆ ಕಟ್ಟಿಕೊಂಡ. ಅಷ್ಟರಲ್ಲಿ ಮೇಲಿನಿಂದ ಪೆನ್ಸಿಲ್ ಕೂಗಿದಳು: ಹೊರಗೆ ಮಳೆ ಶುರುವಾಗಿದೆ.

ಕೊಳ ಏರತೊಡಗಿತು.

ಇಬ್ಬರೂ ಎರಡು ಹಗ್ಗ ಹಿಡಿದು ಹತ್ತಿದರು. ಇಪ್ಪತ್ತಡಿ. ಹಗ್ಗದವನ ಎಡಗೈ ಹಿಡಿತ ತಾನಾಗಿ ಬಿಚ್ಚಿಕೊಂಡಿತು. ಜಾರಿದ. ಸೊಂಟದ ಗಂಟು ಹಿಡಿಯಿತು, ಮೈ ಗೋಡೆಗೆ ಬಡಿಯಿತು. ಅಳತೆಗಾರ ಅವನ ಬೆಲ್ಟಿಗೆ ಕೈಹಾಕಿ ಎಳೆದು, ಗೇಣಗಲದ ಕಲ್ಲಂಚಿನ ಮೇಲೆ ನಿಲ್ಲಿಸಿದ.

"ಆರು ತಿಂಗಳಿಂದ ಕೈ ಜೋಮು ಹಿಡೀತಿದೆ," ಅಂದ ಹಗ್ಗದವನು, ಗೋಡೆ ನೋಡುತ್ತಾ.

"ಅವರಿಗೆ ಹೇಳ್ದೆ. ನಂಗೆ ಯಾಕೆ ಹೇಳ್ಲಿಲ್ಲ?"

"ಅವರಿಗೆ ಹೇಳಿದ್ರೆ ನಂದೇನು ಹೋಗುತ್ತೆ? ನಿಂಗೆ ಹೇಳಿದ್ರೆ ನೀನು ಬೇರೆಯವನನ್ನ ಹುಡುಕ್ತೀಯ. ಆಮೇಲೆ ನಾನು ಯಾರ ಜೊತೆ ಹೋಗ್ಲಿ?"

ಅಳತೆಗಾರ ಹಿಡಿದ ಬೆಲ್ಟನ್ನು ಬಿಡಲಿಲ್ಲ. "ಹೊಟ್ಟೆ ಉರೀತಿತ್ತು ಕಣೋ ನಂಗೆ. ಅವರಿಂದ ನಿನ್ನ ದೂರ ಇಡೋಕೇ ಪೆನ್ಸಿಲ್ ಬದಲು ನಿನ್ನ ಇಳಿಸ್ದೆ."

"ಆಗ್ಲೇ ಗೊತ್ತಾಯ್ತು. ಅದಕ್ಕೇ ಇಳಿದೆ."

ಅಳತೆಗಾರ ತಲೆಯೆತ್ತಿ ಕೂಗಿದ: "ಇವನ ಕೈ ಆಗಲ್ಲ. ರಾಟೆ ಕಟ್ಟಿ ಎಳೀರಿ."

ರಾಟೆ ಕಟ್ಟಲು ಅರ್ಧ ಗಂಟೆ ಹಿಡಿಯಿತು. ಕೆಳಗೆ ನೀರು ಏರುತ್ತಿತ್ತು. ಒಬ್ಬನ ಭುಜಕ್ಕೆ ಒಬ್ಬ ಒತ್ತಿಕೊಂಡು ನಿಂತರು. ಹಗ್ಗದವನು ಹೆದರಿಕೆಗೋ ಏನೋ ಒಂದೇ ಸಮ ಮಾತಾಡಿದ. ಅಳತೆಗಾರ ಕೇಳಿದ. ಬುದ್ಧಿ ಹೇಳಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮುಚ್ಚಿದ.

ಹೆಂಗಸರಿಬ್ಬರೂ ಕಾಲು ಊರಿ ಹಗ್ಗದವನನ್ನು ಎಳೆದುಕೊಂಡರು. ಪೆಟ್ಟಿಗೆ ಈಗ ಅಳತೆಗಾರನ ಬೆನ್ನಲ್ಲಿತ್ತು. ನೀರು ಮೊಣಕಾಲು ಮುಟ್ಟಿದಾಗ ಹತ್ತಲು ಶುರುಮಾಡಿದವನು ಅಂಗೈ ಚರ್ಮ ಕಿತ್ತುಹೋದ ಮೇಲೆ ಅಂಚು ಮುಟ್ಟಿದ.

ಗುಹೆಯ ಬಾಯಲ್ಲಿ ಪೆಟ್ಟಿಗೆ ಬಿಚ್ಚಿದರು. ಒಳಗಿನ ಕಾಗದ ಒದ್ದೆಯಾಗಿರಲಿಲ್ಲ, ವರ್ಷವಿಡೀ ನೀರಿನ ಏರಿಳಿತ ತೋರಿಸುವ ಗೆರೆ ಪೂರ್ತಿ ಇತ್ತು. ಪೆನ್ಸಿಲ್ ಅಲ್ಲೇ ಕೂತು ನಕಲು ಮಾಡಿಕೊಂಡಳು. ಡಾಕ್ಟರಮ್ಮ ಹಗ್ಗದವನ ಎಡಗೈ ಹಿಡಿದು ಬೆರಳು ಮಡಚಿ ನೋಡಿದರು.

"ಯಾವಾಗ ಜಾಸ್ತಿ ಆಗುತ್ತೆ ಇದು?"

"ಅವನನ್ನ ಕೇಳಿ. ಎಲ್ಲಾ ಗೊತ್ತು ಅವನಿಗೆ," ಅಂದ ಹಗ್ಗದವನು, ಕಣ್ಣು ಮುಚ್ಚಿ ಬಂಡೆಗೆ ಒರಗುತ್ತಾ.

ಅಳತೆಗಾರ ಮುಂದೆ ಬಂದ. "ಬೆಳಗಿನ ಹೊತ್ತು ಜಾಸ್ತಿ. ಕಿರುಬೆರಳಿಂದ ಶುರುವಾಗುತ್ತೆ. ಅಂಗಿ ಗುಂಡಿ ಹಾಕೋಕೂ ಮಗಳು ಬೇಕು."

"ಗುಂಡಿ ವಿಷಯ ನಂಗೆ ಹೇಳಿರ್ಲಿಲ್ಲ," ಅಂದರು ಡಾಕ್ಟರಮ್ಮ.

ಪೆಟ್ಟಿಗೆ ಸಿಕ್ಕಾಗಲೂ ಅಳತೆಗಾರನಿಗೆ ಅಷ್ಟು ಖುಷಿಯಾಗಿರಲಿಲ್ಲ.