ಎತ್ತರದ ಕೆಲಸಕ್ಕೆ ಅರ್ಹ

ಸತ್ತವನೇ ಠಾಣೆಗೆ ಬಂದು ದೂರು ಕೊಟ್ಟದ್ದು ಇನ್‌ಸ್ಪೆಕ್ಟರರ ಸೇವಾವಧಿಯಲ್ಲಿ ಅದೇ ಮೊದಲು. ಸೋಮವಾರ ಬೆಳಿಗ್ಗೆ ಬಂದವನು ಕಟ್ಟಡದಲ್ಲಿ ಕಂಬಿ ಕಟ್ಟುವ ಕೆಲಸಗಾರ.

"ಹೊಸ ಕಡೆ ಕೆಲಸ ಕೇಳಿದ್ರೆ, ನೀನು ಹೋದ ವಾರವೇ ಬಿದ್ದು ಸತ್ತಿದ್ದೀಯ ಅಂತಾರೆ ಸಾರ್."

"ಸತ್ತ ಮೇಲೂ ಕೆಲಸ ಹುಡುಕ್ತಿದ್ದಾನೆ, ಮೆಚ್ಚಬೇಕು," ಎಂದ ದಫೇದಾರ.

ಇನ್‌ಸ್ಪೆಕ್ಟರ್ ನಗಲಿಲ್ಲ. ಕಟ್ಟಡದ ಸಾರವೆಯಿಂದ ಬಿದ್ದವನ ಶವ, ಇವನ ಹೆಸರಿನಲ್ಲೇ, ಇನ್ನೂ ಶವಾಗಾರದಲ್ಲಿತ್ತು. ವಾರಸುದಾರರಿಲ್ಲದ್ದರಿಂದ ಮಾರನೆಯ ದಿನ ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು. ಇವನು ಬದುಕಿದ್ದರೆ, ನಾಳೆ ಮಣ್ಣಿಗೆ ಹೋಗುವವನು ಯಾರು? ಯಾರ ಮನೆಯಲ್ಲಿ ಅವನ ದಾರಿ ಕಾಯುತ್ತಿದ್ದಾರೆ?

"ನಿನ್ನ ಕೆಲಸದ ಕಾರ್ಡು?"

"ಅದೇ ಕಟ್ಟಡಕ್ಕೆ ಸೇರೋಕೆ ಹೋದಾಗ ಗೇಟಿನ ಪರಿಶೀಲನೆಯವರು ಇಟ್ಕೊಂಡ್ರು. ತಾಳೆ ನೋಡ್ಬೇಕು, ಹೇಳಿ ಕಳಿಸ್ತೀನಿ ಅಂದ್ರು. ಕಳಿಸಲೇ ಇಲ್ಲ."

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಜೀಪು ಕಟ್ಟಡದ ಗೇಟು ತಲುಪಿತು.

ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಪರಿಶೀಲಕ ಕೂತಿದ್ದ. ಕೆಲಸಕ್ಕೆ ಬಂದವರ ಪರವಾನಗಿ, ವಯಸ್ಸು, ವೈದ್ಯರ ಪತ್ರ ಎಲ್ಲ ಸರಿಯಿದ್ದರೂ ಅವನಿಗೆ ಸಾಲದು. ಎದುರಿನ ಪರೀಕ್ಷಾ ಸಾರವೆ ಹತ್ತಿ, ತುದಿಯಲ್ಲಿ ನಿಂತು ಕೆಳಗೆ ನೋಡಬೇಕು. ಕಾಲು ನಡುಗಿದವನು ಬಂದ ದಾರಿ ಹಿಡಿಯಬೇಕು.

"ಶವ ಗುರುತಿಸಿ ಪಂಚನಾಮೆಗೆ ರುಜು ಹಾಕಿದ್ದು ನೀವೇ."

"ಮುಖ ಜಜ್ಜಿಹೋಗಿತ್ತು ಸಾರ್. ಕೊರಳಲ್ಲಿದ್ದ ಕಾರ್ಡು ನೋಡಿ ಹೇಳಿದೆ."

"ಆ ಕಾರ್ಡಿನವನು ಠಾಣೆಯ ಬೆಂಚಿನ ಮೇಲೆ ಕೂತಿದ್ದಾನೆ."

"ಹಾಗಾದ್ರೆ... ಸೇರಿಸ್ಕೊಳ್ಳೋವಾಗ ಕಣ್ತಪ್ಪಿರಬೇಕು."

ಇನ್‌ಸ್ಪೆಕ್ಟರ್ ಹೊರಗೆ ಬಂದಾಗ ಗೇಟಿನ ಕಾವಲುಗಾರ ಗೊಣಗಿದ: "ಕಣ್ತಪ್ಪೋ ಪೈಕಿಯಾ ಇವರು? ಸ್ವಂತ ನೆರಳಿಗೂ ಪರವಾನಗಿ ಕೇಳೋರು! ಆದ್ರೆ ಸತ್ತನಲ್ಲ, ಅವನೊಬ್ಬನ್ನ ಸಾರವೆ ಹತ್ತಿಸ್ಲಿಲ್ಲ. ಹೆಗಲ ಮೇಲೆ ಕೈ ಹಾಕಿ ಒಳಗೆ ಕರ್ಕೊಂಡು ಹೋದ್ರು."

ಇನ್‌ಸ್ಪೆಕ್ಟರ್ ಅಲ್ಲೇ ನಿಂತು ಯೋಚಿಸಿದರು. ಲಂಚ ತಿಂದವನಾದರೆ ಲೋಕದ ಕಣ್ಣಿಗಾದರೂ ಹತ್ತಿಸುತ್ತಿದ್ದ. ಹತ್ತಿಸದವನಿಗೆ, ಹತ್ತಿದರೆ ಏನಾಗುತ್ತದೆಂದು ಮೊದಲೇ ಗೊತ್ತಿರಬೇಕು.

ಅವರು ಮತ್ತೆ ಒಳಗೆ ಬಂದರು. "ಅವನು ನಿಮಗೆ ಏನಾಗಬೇಕು?"

ಪರಿಶೀಲಕ ಎದುರಿನ ಹಾಜರಿ ಪುಸ್ತಕ ಮುಚ್ಚಿದ. "ಭಾವ."

"ಕಾಯಿಲೆ?"

"ಮೂರ್ಛೆ. ಯಾವ ವೈದ್ಯರೂ ಪತ್ರ ಕೊಡಲ್ಲ. ಊರಿಗೆಲ್ಲ ಬಾಗಿಲು ತೆಗೀತೀಯ, ಅಕ್ಕನ ಮನೆಗೆ ಮಾತ್ರ ಕಾನೂನು ಹೇಳ್ತೀಯಾ ಅಂತ ಅಕ್ಕ ಅತ್ತಳು. ಇಟ್ಕೊಂಡಿದ್ದ ಆ ಕಾರ್ಡು ಕೊರಳಿಗೆ ಹಾಕಿ, ಕೆಳಗೆ ಮರಳು ಜರಡಿ ಹಿಡಿಯೋಕೆ ಹಾಕಿದ್ದೆ ಸಾರ್."

"ಮತ್ತೆ ಮೇಲೆ ಕಳಿಸಿದ್ದು ಯಾರು?"

"ಮೇಸ್ತ್ರಿ. ನಾನು ರಜೆಯಲ್ಲಿದ್ದೆ. ಮೇಲೆ ಆಳು ಸಾಲಲಿಲ್ಲವಂತೆ. ಭಾವನ ಕೊರಳಿನ ಕಾರ್ಡು ನೋಡಿದ. ಕಂಬಿ ಕೆಲಸ, ಎತ್ತರಕ್ಕೆ ಅರ್ಹ ಅಂತಿತ್ತು, ಕೆಳಗೆ ನನ್ನ ರುಜು. ನನ್ನ ರುಜು ಇದ್ರೆ ಇಲ್ಲಿ ಯಾರೂ ಮತ್ತೊಂದು ಮಾತು ಕೇಳಲ್ಲ. ಒಲ್ಲೆ ಅಂದ್ರೆ ನನ್ನ ಗುಟ್ಟು ರಟ್ಟಾಗುತ್ತೆ ಅಂತ ಭಾವ ತುಟಿ ಬಿಚ್ಚದೆ ಹತ್ತಿಬಿಟ್ರು."

ಬಂಧನ ಮಧ್ಯಾಹ್ನ ಎರಡಕ್ಕೆ. ಮಹಿಳಾ ಪೇದೆ ಅಕ್ಕನನ್ನು ಶವಾಗಾರಕ್ಕೆ ಕರೆತಂದಳು. ಆಕೆ ಮುಖದ ಬಟ್ಟೆ ಸರಿಸಲಿಲ್ಲ. ಪಾದ ನೋಡಿದಳು, ಅಷ್ಟೇ ಸಾಕಾಯಿತು. ಪೊಲೀಸರ ನಡುವೆ ನಿಂತಿದ್ದ ತಮ್ಮನ ಕಡೆ ತಿರುಗಿದಳು.

"ನಿನ್ನೆ ಫೋನಿನಲ್ಲಿ, ಭಾವ ದೂರದ ಕೆಲಸದಲ್ಲಿ ಚೆನ್ನಾಗಿದ್ದಾರೆ ಅಂದ್ಯಲ್ಲೋ."

'ಆಗಲ್ಲ' ಎನ್ನುವುದನ್ನೇ ಕಸುಬು ಮಾಡಿಕೊಂಡವನು ಒಬ್ಬಳಿಗೆ ಅದನ್ನು ಹೇಳಲಾರದೆ ಹೋಗಿದ್ದ. ತಪ್ಪು ಅಲ್ಲಿಂದ ಶುರುವಾಗಿತ್ತು. ಹೊಸ ಪಂಚನಾಮೆಗೆ ಸಹಿ ಹಾಕಿ ಎದ್ದ ಅಕ್ಕ ತೂರಾಡಿದಳು. ಕೋಳ ತೊಟ್ಟ ಎರಡೂ ಕೈ ಚಾಚಿ ತಮ್ಮ ಹಿಡಿಯಹೋದ. ಆಕೆ ಗೋಡೆ ಹಿಡಿದುಕೊಂಡು ಹೊರಗೆ ನಡೆದಳು.