ಶುಕ್ರವಾರ ಬಟವಾಡೆಯಾದ ಕಾಗದ

ಪಂಕಜಳ ಸಹಿ ಹೊಂದಲಿಲ್ಲವಂತೆ! ಅಷ್ಟಕ್ಕೇ ಬ್ಯಾಂಕಿನವರು ಇನ್ಶೂರೆನ್ಸ್ ಕಂತಿನ ಚೆಕ್ಕು ವಾಪಸ್ಸು ಕಳಿಸಿದ್ದರು. ಅಷ್ಟಕ್ಕೇ ಇನ್ಶೂರೆನ್ಸ್ ಕಂಪನಿಯವರು ಕಾರಿನ ಪಾಲಿಸಿ ರದ್ದು ಮಾಡಿ, ಪಂಕಜಳ ಹೆಸರಿಗೆ ರಿಜಿಸ್ಟರ್ ಕಾಗದ ಹಾಕಿದ್ದರು. ಅದನ್ನು ಓದಿದ ದಿನ ದಕ್ಷಿಣಾಮೂರ್ತಿಯವರಿಗೆ ಮೈಯೆಲ್ಲ ಉರಿದುಹೋಗಿತ್ತು. ಹಾಲಿನ ಡೈರಿಯ ಪುಸ್ತಕದಲ್ಲಿ, ಗ್ಯಾಸಿನ ಚೀಟಿಯಲ್ಲಿ ಯಾರೂ ಅನುಮಾನಿಸದ ಸಹಿಯನ್ನು ಚಿಕ್ಕಬಳ್ಳಾಪುರದಲ್ಲಿ ಏಸಿ ಕೆಳಗೆ ಕೂತ ಯಾವನೋ ಒಬ್ಬ ಸರಿಯಿಲ್ಲ ಅನ್ನುವುದೆಂದರೇನು?

ದಕ್ಷಿಣಾಮೂರ್ತಿಯವರು ಪೋಸ್ಟ್ ಮಾಸ್ಟರು. ಸಾದಲಿಯಿಂದ ಒಳಗೆ ಹೋದರೆ ಸಿಗುವ ಇನ್ನೂರು ಮನೆಗಳ ಊರಿನಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯೇ ಅಂಚೆ ಕಚೇರಿ. ಚೀಲ ಬಿಚ್ಚುವವರೂ ಅವರೇ, ಮುದ್ರೆ ಒತ್ತುವವರೂ ಅವರೇ, ಮನೆ ಮನೆಗೆ ಹೋಗಿ ಹಂಚುವವರೂ ಅವರೇ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಕಾರ್ಡು ಕೂಡ ಕಳೆದಿರಲಿಲ್ಲ.

ಕಾಗದ ಬಂದದ್ದು ಸೋಮವಾರ. ಅಪಘಾತವಾದದ್ದು ಗುರುವಾರ.

ಆ ಬೆಳಿಗ್ಗೆ ಪಂಕಜಳಿಗೆ ಕನಕಾಂಬರ ತರಲೆಂದು ಸಾದಲಿಗೆ ಕಾರು ತೆಗೆದಿದ್ದರು. ಕಾರು ಅವಳ ಹೆಸರಿನದು, ಅವಳ ಆಸೆಯದು. ಐವತ್ತನೇ ವಯಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಡ್ರೈವಿಂಗ್ ಕಲಿತು ಬಂದು, ಊರಿನ ಹೆಂಗಸರನ್ನೆಲ್ಲ ತುಂಬಿಕೊಂಡು ಸುತ್ತಿಸಿದವಳು. ಅವಳು ಓಡಿಸುವಾಗ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ದಕ್ಷಿಣಾಮೂರ್ತಿಯವರದು ಅರೆಬರೆ ಕಲಿಕೆ. ಹಿಪ್ಪುನೇರಳೆ ತೋಟದ ತಿರುವಿನಲ್ಲಿ ಮಂಜು ಕವಿದಿತ್ತು. ಎದುರಿಗೆ ಸ್ಕೂಟಿಯಲ್ಲಿ ಹರಿತಾ ಬಂದಳು. ಬ್ರೇಕಿನ ಮೇಲೆ ಇಡಬೇಕಾದ ಕಾಲು ಬ್ರೇಕಿನ ಮೇಲೆ ಇರಲಿಲ್ಲ.

ಹರಿತಾ ನೀರುಗಂಟಿ ಕೋನಪ್ಪನ ಮಗಳು, ಶಿಡ್ಲಘಟ್ಟದಲ್ಲಿ ನರ್ಸಿಂಗ್ ಓದುತ್ತಿದ್ದವಳು. ಮೊಣಕಾಲಿನಿಂದ ಕೆಳಗೆ ಬಲಗಾಲು ತೆಗೆದುಬಿಟ್ಟರು. ಚಿಕ್ಕವಳಿದ್ದಾಗ ಪಂಕಜಳ ಮುಂದೆ ಕೂತು ಮಗ್ಗಿ ಒಪ್ಪಿಸಿದ ಮಗು ಅದು. ಆಸ್ಪತ್ರೆಯ ಬಾಗಿಲಲ್ಲಿ ಕೋನಪ್ಪ ಕೊರಳಪಟ್ಟಿ ಹಿಡಿದು ನಾಲ್ಕು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೈಮುಗಿದ.

"ನೀವು ಬೇಕೂಂತ ಮಾಡಿದ್ರಾ ಸ್ವಾಮಿ? ಗಾಡಿಗೆ ಇನ್ಶೂರೆನ್ಸ್ ಇರ್ತದಂತಲ್ಲ. ಅದೊಂದು ಬಂದ್ರೆ ಮಗೀಗೆ ಹೊಸ ಕಾಲು ಹಾಕಿಸ್ತಾರಂತೆ. ಓಡಾಡ್ತಾಳಂತೆ."

ದಕ್ಷಿಣಾಮೂರ್ತಿಯವರು ಹೂಂ ಎಂದರು.

ಶನಿವಾರ ಶಿಡ್ಲಘಟ್ಟದ ವಕೀಲ ರಮೇಶ್‌ಬಾಬು ವಿಷಯ ಬಿಡಿಸಿ ಹೇಳಿದರು. "ನೋಡಿ ಸಾರ್, ಪಾಲಿಸಿ ರದ್ದಾದ ಕಾಗದ ಗಾಡಿ ಓನರ್ ಕೈಗೆ ಸೇರೋಕೆ ಮುಂಚೆ ಆಕ್ಸಿಡೆಂಟ್ ಆಗಿದ್ರೆ, ಪೆಟ್ಟು ತಿಂದೋರಿಗೆ ಕಂಪನಿ ಕೊಡಲೇಬೇಕು. ಸೇರಿದ ಮೇಲೆ ಆಗಿದ್ರೆ ಕೈ ಎತ್ತುತ್ತೆ. ಕಾಗದ ಯಾವತ್ತು ಸೇರ್ತು?"

"ವಿಚಾರಿಸಿ ಹೇಳ್ತೀನಿ" ಎಂದರು ದಕ್ಷಿಣಾಮೂರ್ತಿ.

ಬಸ್ಸಿನಲ್ಲಿ ವಾಪಸ್ಸು ಬರುವಾಗ, ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ, ಅವರಿಗೆ ಒಂದು ಕಳ್ಳ ಯೋಚನೆ ಬಂತು. ಬಂದದ್ದೇ ತಡ, ಬಹಳ ದಿನದಿಂದ ಕಾದಿದ್ದಂತೆ ಎದೆಯಲ್ಲಿ ಕೂತೇಬಿಟ್ಟಿತು. ಕಾಗದ ಯಾವತ್ತು ಸೇರಿತು ಎಂದು ಹೇಳಬೇಕಾದವನು ಯಾರು? ಈ ಊರಿನ ಪೋಸ್ಟ್ ಮಾಸ್ಟರು. ಬೇರೆ ಯಾವ ನರಪಿಳ್ಳೆಗೂ ಗೊತ್ತಿಲ್ಲ.

ಅದೃಷ್ಟ ನೋಡಿ, ಆ ವಾರವೆಲ್ಲ ಊರಿನಲ್ಲಿ ನೆಟ್‌ವರ್ಕ್ ಸತ್ತಿತ್ತು. ಇಲಾಖೆ ಕೊಟ್ಟ ಮೊಬೈಲಿನಲ್ಲಿ ಬಟವಾಡೆ ತೋರಿಸಲು ಆಗಿರಲಿಲ್ಲ. ಇಂಥ ಹೊತ್ತಿನಲ್ಲಿ ಚೀಟಿಯ ಮೇಲೆ ಸಹಿ ಹಾಕಿಸಿ ಇಟ್ಟುಕೊಂಡು, ನೆಟ್‌ವರ್ಕ್ ಬಂದ ಮೇಲೆ ಮೊಬೈಲಿಗೆ ಏರಿಸುವುದು ಹಳ್ಳಿಯ ಕಚೇರಿಗಳ ಪದ್ಧತಿ. ಸೋಮವಾರದ ಆ ಚೀಟಿ ಇನ್ನೂ ಡ್ರಾಯರಿನಲ್ಲೇ ಇತ್ತು. ಅದನ್ನು ಬಚ್ಚಲ ಒಲೆಗೆ ಹಾಕಿದರು. ಬೆಂಕಿ ಆರುವ ತನಕ ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದರು.

ಆಮೇಲೆ ಹೊಸ ಚೀಟಿ. ಯಾವುದಕ್ಕೂ ಆತುರಪಡಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರದ ಎದುರಿಗೆ 'ವಿಳಾಸದಾರರು ಊರಿನಲ್ಲಿಲ್ಲ' ಎಂದು ಬರೆದರು. ನಾಲ್ಕು ದಿನದ ಬರಹ ಒಂದೇ ಸಲಕ್ಕೆ ಬರೆದಂತೆ ಕಾಣಬಾರದೆಂದು ಒಂದೊಂದು ಸಾಲಿಗೂ ಎದ್ದು ಅಂಗಳ ಸುತ್ತಿ ಬಂದರು. ಮಂಗಳವಾರದ್ದಕ್ಕೆ ಮಸಿ ಸ್ವಲ್ಪ ಕಟ್ಟುವ ಹಳೇ ಪೆನ್ನು. ಗುರುವಾರದ್ದನ್ನು ಬೇಕೆಂದೇ ಸೊಟ್ಟಗೆ ಬರೆದರು. ಆ ದಿನ ಕೈ ನಡುಗದಿದ್ದರೆ ಯಾರು ನಂಬುತ್ತಾರೆ? ಮುದ್ರೆಯ ತಾರೀಖು ಹಿಂದಕ್ಕೆ ತಿರುಗಿಸಿ ಶುಕ್ರವಾರದ್ದು ಒತ್ತಿ, ಮತ್ತೆ ಮುಂದಕ್ಕೆ ತಿರುಗಿಸಿಟ್ಟರು.

ಸಹಿಯ ಜಾಗ ಉಳಿಯಿತು. ತಮ್ಮ ಸಹಿ ಹಾಕಿದರೆ ಕೊಟ್ಟವನೂ ಅವನೇ, ತೆಗೆದುಕೊಂಡವನೂ ಅವನೇ ಎಂದಾಗುತ್ತದೆ. ಪಂಕಜಳ ಸಹಿಯೇ ಬೇಕು. ಒಳಗೆ ಹೋಗಿ ಅವಳಿಗೆ ಎಲ್ಲ ಹೇಳಿದರು.

"ಅಕ್ಕನ ಮನೇಗೆ ಅಂತ ನೀನು ಗೌರಿಬಿದನೂರಿಗೆ ಹೋಗಿದ್ದೆ ಕಣೇ. ಶುಕ್ರವಾರ ಬಂದೆ, ಬಂದ ಮೇಲೆ ಕಾಗದ ತಗೊಂಡೆ. ಅಷ್ಟೇ. ತಪ್ಪೇ, ಗೊತ್ತು. ಹರಿತಾಗೋಸ್ಕರ ಕಣೇ."

ಪಂಕಜ ಏನೂ ಅನ್ನಲಿಲ್ಲ. ಇಂಥ ಕೆಲಸಕ್ಕೆ ಅವಳು ಬೈಯುತ್ತಾಳೆಂದು ಹೆದರಿದ್ದರು. ಬೈಯಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. 'ಪಂಕಜ ದಕ್ಷಿಣಾಮೂರ್ತಿ' ಎಂಬ ಸಹಿ, ಕೊನೆಯಲ್ಲಿ ಪುಟ್ಟ ಬಾಲದೊಂದಿಗೆ, ಚೀಟಿಯ ಮೇಲೆ ಬಿತ್ತು.

ಇನ್ನು ಸಾಕ್ಷಿ. ಭಾನುವಾರ ಮುನಿಗಂಗಮ್ಮನ ಅಂಗಡಿಗೆ ಹೋಗಿ, ನಾಲ್ಕು ಜನ ಇರುವ ಹೊತ್ತು ನೋಡಿ, ಕಡ್ಡಿಪೆಟ್ಟಿಗೆ ಕೇಳುತ್ತಾ ಮಾತು ತೆಗೆದರು. "ಪಂಕಜ ಮೊನ್ನೆ ಶುಕ್ರವಾರ ಬಂದ್ಲಮ್ಮ, ಗೌರಿಬಿದನೂರಿಂದ. ನಾಲ್ಕು ದಿನ ಮನೆಯೆಲ್ಲ ಬಿಕೋ ಅಂತಿತ್ತು."

ಮುನಿಗಂಗಮ್ಮ ಕಡ್ಡಿಪೆಟ್ಟಿಗೆ ಹುಡುಕುವವಳಂತೆ ಬೆನ್ನು ತಿರುಗಿಸಿದಳು. "ಹೌದಾ ಸ್ವಾಮಿ. ಒಳ್ಳೇದಾಯ್ತು ಬಿಡಿ" ಎಂದಳು. ಮಿಕ್ಕವರೂ ಹೂಂ ಹೂಂ ಎಂದು ತಲೆಯಾಡಿಸಿದರು. ಈ ಊರಿನವರು ಯಾವತ್ತೂ ಹೀಗೇ, ತಮ್ಮ ಮಾತಿಗೆ ಎದುರಾಡಿದವರಲ್ಲ. ದಕ್ಷಿಣಾಮೂರ್ತಿಯವರಿಗೆ ನೆಮ್ಮದಿಯಾಯಿತು. ಯಾರು ಬಂದು ಕೇಳಿದರೂ ಶುಕ್ರವಾರವೇ ಎನ್ನುತ್ತಾರೆ.

ಸೋಮವಾರ ನೆಟ್‌ವರ್ಕ್ ಬಂತು. ಶುಕ್ರವಾರದ ಬಟವಾಡೆಯನ್ನು ಮೊಬೈಲಿಗೆ ಏರಿಸಿದರು. ಅದು ಚಕಾರ ಎತ್ತದೆ ನುಂಗಿಕೊಂಡಿತು.

ಮೂರು ವಾರದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ತನುಜ ಎಂಬ ತನಿಖಾಧಿಕಾರಿ ಬಂದಳು. ಹೇಳಿಕೆ ಕೊಡಲು ಕೋನಪ್ಪನೂ ಬಂದು ಜಗುಲಿಯ ತುದಿಯಲ್ಲಿ ಕೂತಿದ್ದ. ಹರಿತಾ ಈಗ ಊರುಗೋಲಿನಲ್ಲಿ ಬಚ್ಚಲ ತನಕ ಹೋಗುತ್ತಾಳೆಂದು, ಅದೇ ದೊಡ್ಡ ಸಂಗತಿಯೆಂಬಂತೆ ಹೇಳಿದ. ತನುಜ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮಸಿ ನೋಡಿದಳು, ಮುದ್ರೆ ನೋಡಿದಳು, ಮೊಬೈಲಿನ ದಾಖಲೆಗೆ ತಾಳೆ ಹಾಕಿದಳು.

"ಎಲ್ಲಾ ಸರಿಯಾಗಿದೆ ಸರ್" ಎಂದಳು ತನುಜ. "ಕಂಪನಿ ಕೊಡಬೇಕಾಗತ್ತೆ ಅಂತಲೇ ರಿಪೋರ್ಟ್ ಬರೀತೀನಿ."

ಕೋನಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ದಕ್ಷಿಣಾಮೂರ್ತಿಯವರಿಗೂ ತಡೆಯಲಾಗಲಿಲ್ಲ. ಗೆದ್ದೆ ಅನಿಸಲಿಲ್ಲ; ಆ ಮಗು ಇನ್ನು ನಡೆದೀತು, ಅಷ್ಟು ಸಾಕು ಅನಿಸಿತು.

"ಒಂದೇ ಒಂದು ಬಾಕಿ" ಎಂದು ತನುಜ ಪೆನ್ನಿನ ಮುಚ್ಚಳ ತೆಗೆದಳು. "ಅಮ್ಮನವರನ್ನ ಒಂದ್ನಿಮಿಷ ಕರೀರಿ. ಈ ಸಹಿ ನಂದೇ ಅಂತ ಒಂದು ಮಾತು ಹೇಳಿದ್ರೆ ಮುಗೀತು."

"ಅದಕ್ಕೇನಮ್ಮ" ಎಂದು ದಕ್ಷಿಣಾಮೂರ್ತಿಯವರು ಎದ್ದು ನಡುಮನೆಯ ಬಾಗಿಲಿಗೆ ಹೋದರು. "ಪಂಕಜಾ, ಒಂದು ಗಳಿಗೆ ಬಾರೇ ಇಲ್ಲಿ" ಎಂದು ಕರೆದರು. ಮತ್ತೊಮ್ಮೆ ಕರೆದರು. ಮೂರನೇ ಸಲ ಕರೆಯುವಾಗ ದನಿ ಒಡೆಯಿತು.

"ಬೇಡ ಸ್ವಾಮಿ, ಕರೀಬೇಡಿ" ಎಂದು ಕೋನಪ್ಪ ಎದ್ದು ಬಂದು ಅವರ ಭುಜ ಹಿಡಿದ. ಏನು ಕಳೆದುಕೊಳ್ಳುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ನೋಡಲಾಗಲಿಲ್ಲವೋ. "ಅಮ್ಮನೋರು ತೀರ್ಕೊಂಡು ಎರಡು ವರ್ಷ ಆಯ್ತು ಮೇಡಂ. ಸೌದೆ ಹೊತ್ತೋನು ನಾನೇ. ಇವ್ರು ಇದ್ದಾರೆ ಇದ್ದಾರೆ ಅಂತಾರೆ, ಊರೋರೆಲ್ಲ ಪಾಪ ಅಂತ ಹೂಂ ಅಂತೀವಿ." ತನುಜಳ ಪೆನ್ನು ನಿಂತಿತು. ಬಾಗಿಲಿನಿಂದ ಕಾಣುವ ಗೋಡೆಯಲ್ಲಿ ಪಂಕಜಳ ಫೋಟೋ, ಅದಕ್ಕೆ ಅದೇ ದಿನ ಬೆಳಿಗ್ಗೆ ತಂದು ಹಾಕಿದ್ದ ಕನಕಾಂಬರ. ದಕ್ಷಿಣಾಮೂರ್ತಿಯವರು ಅದನ್ನು ಆಗಷ್ಟೇ ಕಂಡವರಂತೆ ನೋಡುತ್ತ ನಿಂತರು. ತಾರೀಖು ಸರಿಯಿತ್ತು, ಮಸಿ ಸರಿಯಿತ್ತು, ಮುದ್ರೆ ಸರಿಯಿತ್ತು. ಸತ್ತವರ ಹೆಸರಿಗೆ ಬಂದ ಕಾಗದವನ್ನು ಬಟವಾಡೆ ಮಾಡುವಂತಿಲ್ಲ, 'ಮೃತ' ಎಂದು ಬರೆದು ವಾಪಸ್ಸು ಕಳಿಸಬೇಕು. ಹಾಗೆ ಕಳಿಸಿದ್ದರೆ ಕಾಗದ ಯಾರ ಕೈಗೂ ಸೇರಿರುತ್ತಿರಲಿಲ್ಲ, ಯಾವ ಸುಳ್ಳೂ ಬೇಕಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಊರಿನ ಎಷ್ಟೋ ಮನೆಗಳ ಹೆಸರಿನ ಮುಂದೆ ಕೈ ನಡುಗದೆ ಬರೆದಿದ್ದ ಆ ಎರಡಕ್ಷರವನ್ನು, ಪಂಕಜಳ ಹೆಸರಿನ ಮುಂದೆ ಮಾತ್ರ ಅವರು ಒಂದು ಸಲವೂ ಬರೆದಿರಲಿಲ್ಲ.