ದಿವಾಲಿ ಹೋಗಿ ದಿವಾಳಿ

“ಬೇಗ ನಡಿಯೇ! ನಮ್ಮ ದುಡ್ಡೆಲ್ಲ ಹೋಯ್ತು!”

ಅಜ್ಜಿ ಚಿಕ್ಕಗಂಗಮ್ಮ ಹೂವಿನ ಬುಟ್ಟಿಯನ್ನು ಪಕ್ಕದ ಅಂಗಡಿಗೆ ತಳ್ಳಿ ಓಡತೊಡಗಿದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಬೇರೆ ಯಾರದೋ ಚಪ್ಪಲಿ. ಮೊಮ್ಮಗಳು ಧನ್ಯಶ್ರೀ ಹಿಂದೆಯೇ ಓಡಿದಳು.

ಬಸವೇಶ್ವರನಗರದ ಆ ಸಣ್ಣ ಸಹಕಾರಿ ಬ್ಯಾಂಕಿನ ಮುಂದೆ ಕ್ಯೂ ಆಗಲೇ ರಸ್ತೆಯ ತಿರುವು ದಾಟಿತ್ತು.

“ಏನಾಯ್ತು ಅಜ್ಜಿ?”

“ಬ್ಯಾಂಕು ದಿವಾಳಿ ಎದ್ದಿದೆಯಂತೆ ಕಣೇ! ಇದ್ದಬದ್ದ ದುಡ್ಡೆಲ್ಲ ಮುಳುಗಿಹೋಯ್ತಂತೆ. ವಾಟ್ಸಾಪಲ್ಲಿ ಬಂದಿದೆ.”

ಧನ್ಯಶ್ರೀಗೆ ತಟ್ಟನೆ ನೆನಪಾಯಿತು. ನಿನ್ನೆ ಬೀದಿಯ ಗ್ರೂಪಿನಲ್ಲಿ ಲಕ್ಷ್ಮಿ ಆಂಟಿ ‘ಬ್ಯಾಂಕ್ ಯಾಕೆ ಕ್ಲೋಸು?’ ಎಂದು ಕೇಳಿದ್ದರು. ಅಮ್ಮನ ಫೋನಿನಿಂದ ಇವಳೇ ಉತ್ತರ ಹಾಕಿದ್ದಳು: ‘ಬ್ಯಾಂಕ್ ದಿವಾಲಿ.’ ದೀಪಾವಳಿ ರಜೆ ಎಂದು ಅರ್ಥ. ಅವಳ ಕ್ಲಾಸಿನಲ್ಲಿ ಎಲ್ಲರೂ ದಿವಾಲಿ ಅಂತಲೇ ಹೇಳುವುದು. ಆದರೆ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲಿ ಲ, ಳ ಎರಡೂ ಒಂದೇ. ಯಾರೋ ಅದನ್ನು ದಿವಾಳಿ ಎಂದು ಓದಿ, ಊರಿಗೆಲ್ಲ ಫಾರ್ವರ್ಡ್ ಮಾಡಿದ್ದರು.

“ಅಂಕಲ್, ಅದು ಹಬ್ಬದ ರಜೆ! ನಾನೇ ಮೆಸೇಜ್ ಹಾಕಿದ್ದು!” ಎಂದು ಕ್ಯೂನಲ್ಲಿದ್ದ ಪಕ್ಕದ ಕ್ರಾಸಿನ ಬೆಟ್ಟಯ್ಯನಿಗೆ ಹೇಳಿದಳು.

“ಬ್ಯಾಂಕಿನೋರು ಹೇಳ್ಕೊಟ್ರಾ ಪುಟ್ಟಿ? ಎಷ್ಟು ಚಾಕ್ಲೇಟ್ ಕೊಟ್ರು?”

ಸುತ್ತಲಿದ್ದವರು ನಕ್ಕರು. ಆದರೆ ಒಬ್ಬರೂ ಕ್ಯೂ ಬಿಡಲಿಲ್ಲ.

ಅವಳು ಕಾಲುಗಳ ನಡುವೆ ನುಸುಳಿ ಮ್ಯಾನೇಜರ್ ಸುಧೀಂದ್ರ ಅವರ ಮುಂದೆ ನಿಂತಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ಅಯ್ಯೋ ನಿನ್ನ!” ಎಂದು ಅವರು ಹಣೆ ಒತ್ತಿಕೊಂಡರು.

“ಸಾರ್, ನನ್ನಿಂದ ಬ್ಯಾಂಕ್ ಮುಚ್ಚಿಹೋಗುತ್ತಾ?”

“ಜನ ಇಟ್ಟ ದುಡ್ಡನ್ನ ಇನ್ನೊಬ್ಬರಿಗೆ ಸಾಲ ಕೊಟ್ಟಿರ್ತೀವಮ್ಮ. ಎಲ್ರೂ ಒಂದೇ ದಿನ ಕೇಳಿದ್ರೆ ಯಾವ ಬ್ಯಾಂಕಿಗಾದ್ರೂ ಕಷ್ಟಾನೇ.”

ಆಮೇಲೆ ಅವರು ಕುರ್ಚಿ ಹತ್ತಿ ನಿಂತರು. “ನೋಡಿ, ರಿಸರ್ವ್ ಬ್ಯಾಂಕಿನವರ ಹತ್ರ ಮಾತಾಡಿದೀನಿ. ನಮ್ಮ ಬ್ಯಾಂಕ್ ಗಟ್ಟಿಯಾಗಿದೆ ಅಂತ ಅವ್ರೇ ಹೇಳಿದಾರೆ. ಯಾರೂ ಗಾಬರಿಯಾಗ್ಬೇಡಿ!”

“ರಿಸರ್ವ್ ಬ್ಯಾಂಕ್‌ವರೆಗೂ ಹೋಯ್ತಾ? ಹಂಗಾದ್ರೆ ಮುಳುಗೇ ಹೋಯ್ತು ಬಿಡ್ರಪ್ಪ!” ಎಂದು ಬೆಟ್ಟಯ್ಯ ಕೂಗಿದ.

ನೂಕಾಟ ಇನ್ನೂ ಜೋರಾಯಿತು.

ಸುಧೀಂದ್ರ ಕುರ್ಚಿಯಿಂದ ಇಳಿದರು. ಮತ್ತೆ ಭಾಷಣ ಮಾಡಲಿಲ್ಲ. ಜನ ನುಗ್ಗದಿರಲೆಂದು ಅರ್ಧ ಎಳೆದಿದ್ದ ಶಟರನ್ನು ಪೂರ್ತಿ ಎತ್ತಿಸಿದರು. ದುಡ್ಡು ಕೊಡಲು ಇನ್ನೊಂದು ಕೌಂಟರ್ ತೆರೆಸಿದರು. ಸ್ವಲ್ಪ ಹೊತ್ತಿಗೆ ಕಿಟಕಿಗೆ ಜಾಲರಿ ಹಾಕಿದ ವ್ಯಾನು ಬಂತು. ದುಡ್ಡಿನ ಪೆಟ್ಟಿಗೆಯನ್ನು ಹಿಂಬಾಗಿಲಿಗೆ ಒಯ್ಯಲು ಹೊರಟ ಗಾರ್ಡನ್ನು ತಡೆದು, “ಮುಂದಿನಿಂದ ಬಾರಪ್ಪ. ನಿಧಾನಕ್ಕೆ ಬಾ,” ಎಂದರು.

ಇಡೀ ಕ್ಯೂ ಕತ್ತು ಉದ್ದ ಮಾಡಿ ನೋಡಿತು.

ಕೇಳಿದವರಿಗೆ ಕೇಳಿದಷ್ಟು ಸಿಕ್ಕಿತು. ಅಜ್ಜಿಗೂ ಸಿಕ್ಕಿತು. ನೋಟುಗಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಇದನ್ನೀಗ ಎಲ್ಲಿಡೋದೇ?”

“ಬೀರುವಲ್ಲಿ?”

“ಅದರ ಬೀಗದಕೈ ನಿಮ್ಮಪ್ಪ ಕಳೆದು ಯಾವ ಕಾಲ ಆಯ್ತು!”

“ಅಕ್ಕಿ ಡಬ್ಬದಲ್ಲಿ?”

“ಕಳ್ಳರು ಮೊದಲು ಕೈ ಹಾಕೋದೇ ಅಲ್ಲಿಗೆ.”

ಅಜ್ಜಿ ಸರಕ್ಕನೆ ಒಳಗೆ ತಿರುಗಿದಳು. ದುಡ್ಡು ಕಟ್ಟುವ ಕೌಂಟರಿನ ಮುಂದೆ ನರಪಿಳ್ಳೆಯೂ ಇರಲಿಲ್ಲ.

“ಈಗ ತಾನೇ ತಗೊಂಡ್ರಲ್ಲ ಅಜ್ಜಿ?” ಎಂದ ಕ್ಯಾಶಿಯರ್.

“ಇದೆಯಾ ಅಂತ ನೋಡ್ದೆ. ಇದೆ. ಹಾಕ್ಕೋ.”

ಬೆಟ್ಟಯ್ಯ ಇದನ್ನೇ ನೋಡುತ್ತಿದ್ದ. ಅವನ ಸರದಿ ಬಂದಿತ್ತು.

“ನಡೀರಿ ಯಜಮಾನ್ರೇ,” ಎಂದ ಹಿಂದಿನವನು.

“ನೀನು ಹೋಗಪ್ಪ. ನಂಗೇನು ಅಂಥ ಅರ್ಜೆಂಟಿಲ್ಲ.”

ಹಿಂದಿನವನೂ ಹೋಗಲಿಲ್ಲ. ತಲೆ ಕೆರೆದುಕೊಂಡ.

ಹೊರಗೆ ಕ್ಯೂನ ಬಾಲದಲ್ಲಿ ಇನ್ನೂ ಗಲಾಟೆ ನಡೆದಿತ್ತು. ಧನ್ಯಶ್ರೀ ಬಾಗಿಲಿಗೆ ಬಂದು, ಅದು ಬರೀ ರಜೆ ಎಂದು ಕೂಗಲು ಬಾಯಿ ತೆರೆದಳು. ಕೂಗಲಿಲ್ಲ. ಹೊರಗಿನವರಿಗೆ ಒಳಗೆ ಕೌಂಟರಿನ ಮೇಲಿಟ್ಟಿದ್ದ ದುಡ್ಡಿನ ಪೆಟ್ಟಿಗೆ ಕಾಣುವಂತೆ ಪಕ್ಕಕ್ಕೆ ಸರಿದು ನಿಂತಳು.